ಹಳೆಯ ಗಾಡಿಗೆ ಬೇರೆ ಎಂಜಿನು: ಒಂದು ಮನೆಯ ಲೆಕ್ಕ

ಮನೆಯಲ್ಲಿ ಹಳೆಯ ಮೋಟಾರು ಗಾಡಿಯೊಂದಿದ್ದು, ಅದರ ಎಂಜಿನು ಕೆಟ್ಟು ನಿಂತಿತೆಂದರೆ, ಆ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟುವುದು ಸಹಜ. "ಗುಜರಿಗೆ ಕೊಟ್ಟು ಜಾಗ ಬಿಡಿಸಿ" ಎಂಬುದು ಒಂದು ಪಕ್ಷ. "ಬೇರೆ ಎಂಜಿನು ಹಾಕಿಸಿದರೆ ಗಾಡಿ ಹೊಸದಾಗುವುದು" ಎಂಬುದು ಇನ್ನೊಂದು. ಎರಡನೆಯ ಪಕ್ಷದವರು ಸಾಮಾನ್ಯವಾಗಿ ಕಿರಿಯರು. ಹಣದ ಪೆಟ್ಟಿಗೆಯ ಬೀಗದ ಕೈ ಮಾತ್ರ ಮೊದಲನೆಯ ಪಕ್ಷದವರ ಸೊಂಟದಲ್ಲಿರುವುದು. ಈ ವ್ಯಾಜ್ಯದಲ್ಲಿ ತೀರ್ಪು ಹೇಳಲು ನಾವು ಹೊರಟವರಲ್ಲ. ಆದರೆ ಇಂಥ ಒಂದು ಮನೆಯ ಖರ್ಚಿನ ಪುಸ್ತಕವನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ನೋಡುವ ಅವಕಾಶ ನಮಗೆ ಒದಗಿತು. ಅದರ ಕೆಲವು ಪುಟಗಳನ್ನು ಬರೆಯುವಾಗ ಪಕ್ಕದಲ್ಲಿಯೇ ಕುಳಿತಿದ್ದೆವು. ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಆ ವಿವರವನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮನೆ ತೀರ್ಥಹಳ್ಳಿಯ ಸೀಮೆಯದು; ಅಡಕೆ ತೋಟದ ಮಧ್ಯಮ ಕುಟುಂಬ. ಮನೆಯ ಹಿರಿಯರು 1996ರಲ್ಲಿ ಒಂದು ಕಾಂಟೆಸಾ ಗಾಡಿಯನ್ನು ಕೊಂಡಿದ್ದರು. 1,817 ಸಿ.ಸಿ.ಯ ಇಸುಜು ಪೆಟ್ರೋಲು ಎಂಜಿನಿನ ಗಾಡಿ. ಆ ಕಾಲದ ನಮ್ಮ ರಸ್ತೆಗಳ ಮಟ್ಟಿಗೆ ವೇಗದ ಗಾಡಿಯೆಂದು ಹೆಸರಾದದ್ದು. 2022ರಲ್ಲಿ ಹಿರಿಯರು ತೀರಿಕೊಂಡರು. ಗಾಡಿ ಮಗನ ಕೈಗೆ ಬಂದಿತು. 2024ರ ಮಾರ್ಚಿಯಲ್ಲಿ ಉಡುಪಿಯಿಂದ ಹಿಂದಿರುಗುತ್ತಿದ್ದ ಹುಡುಗನು, ಆಗುಂಬೆಯ ಘಾಟಿಯ ತಿರುವುಗಳಲ್ಲಿ ಉಷ್ಣದ ಮುಳ್ಳು ಕೆಂಪು ಗೆರೆಗೆ ಏರಿದ್ದನ್ನು ಕಂಡೂ, "ಇನ್ನು ನಾಲ್ಕು ತಿರುವು ತಾನೆ" ಎಂದು ಓಡಿಸಿದನು. ಗಾಡಿ ಮೇಲೆ ಬಂದು ನಿಂತಿತು, ಮತ್ತೆ ಹೊರಡಲಿಲ್ಲ. ಮೇಸ್ತ್ರಿಯು ತಲೆಯನ್ನು ಬಿಚ್ಚಿ ನೋಡಿದಾಗ ತಲೆ ಸೊಟ್ಟಗಾಗಿತ್ತು. ಬ್ಲಾಕಿನಲ್ಲಿ ಬಿರುಕು ಕಂಡಿತು.

ತಂದೆಯ ಗಾಡಿ ತನ್ನ ಕೈಯಲ್ಲಿ ಕೆಟ್ಟಿತೆಂಬ ಸಂಕಟ ಹುಡುಗನಿಗೆ. ತಾಯಿಗೆ ಬೇರೆ ಚಿಂತೆ. ಮನೆಯ ಮಾಡಿನ ಹೆಂಚು, ರೀಪು ಬದಲಿಸಿ ಬಹಳ ವರ್ಷಗಳಾಗಿದ್ದವು. ಹಿಂದಿನ ಮಳೆಗಾಲದಲ್ಲಿ ಎರಡು ಕೋಣೆಗಳಲ್ಲಿ ಪಾತ್ರೆಯಿಟ್ಟು ಮಲಗಿದ್ದರು. ಗಂಡನ ಹೆಸರಿನ ಠೇವಣಿಯೊಂದು ಮುಗಿದು ಕೈಗೆ ಬಂದಿದ್ದದ್ದು 2,10,000 ರೂಪಾಯಿ. ಇಷ್ಟರಲ್ಲಿಯೇ ಮಾಡು, ಗಾಡಿ, ಎರಡೂ ಆಗಬೇಕು. ಹುಡುಗನ ಚಿಕ್ಕಪ್ಪನವರು ನಮ್ಮ ಸ್ನೇಹಿತರು. ಅವರು "ನೀವೂ ಒಮ್ಮೆ ಬಂದು ಲೆಕ್ಕ ನೋಡಿ" ಎಂದದ್ದರಿಂದ ನಾವು ಆ ಜಗುಲಿಯ ಮೇಲೆ ಹೋಗಿ ಕುಳಿತೆವು.

ಹುಡುಗನು ನಮ್ಮ ಮುಂದಿಟ್ಟ ಮೊದಲ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ಜಪಾನಿನ ಆರು ಸಿಲಿಂಡರಿನ ಎಂಜಿನು, ಮುಂಬಯಿಯಿಂದ, ಒಂದು ಲಕ್ಷ. ಕೂರಿಸುವ ಕೂಲಿ, ಇಪ್ಪತ್ತೈದು ಸಾವಿರ. ಇದನ್ನು ಕಂಡು ನಗಬಾರದು. ಕಾಂಟೆಸಾದ ಮುಂಭಾಗದ ಮುಚ್ಚಳವನ್ನು ಎತ್ತಿ ನೋಡಿದವರಿಗೆಲ್ಲ ಈ ಆಸೆ ಹುಟ್ಟುವುದಕ್ಕೆ ತಕ್ಕ ಕಾರಣವಿದೆ. ಆ ಗಾಡಿಯ ಒಡಲು ಮೂಲತಃ ನಮ್ಮದಲ್ಲ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪೆನಿಯವರು 1972ರಲ್ಲಿ ಹೊರತಂದ ವಿಕ್ಟರ್ ಗಾಡಿಯದು. ಅಲ್ಲಿ ಇದೇ ಒಡಲಿನಲ್ಲಿ ಎರಡು ಕಾರ್ಬ್ಯುರೇಟರಿನ 2,279 ಸಿ.ಸಿ. ಎಂಜಿನು ಹೊತ್ತ ವಿಎಕ್ಸ್ 4/90 ಎಂಬ ವೇಗದ ಗಾಡಿಯಿತ್ತು, 3,294 ಸಿ.ಸಿ.ಯ ಆರು ಸಿಲಿಂಡರು ಹೊತ್ತ ವೆಂಟೋರಾ ಎಂಬುದೂ ಇತ್ತು. ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ಈ ಒಡಲನ್ನು ಕಾಂಟೆಸಾ ಎಂಬ ಹೆಸರಿನಿಂದ ಮಾರಲಾರಂಭಿಸಿದಾಗ, ಅದರೊಳಗೆ ಕೂರಿಸಿದ್ದು ನಮ್ಮ ಅಂಬಾಸಿಡರಿನ 1,489 ಸಿ.ಸಿ.ಯ ಎಂಜಿನನ್ನು! ದೊಡ್ಡ ಮನೆಗೆ ಪುಟ್ಟ ಒಲೆ ಇಟ್ಟಂತಾಯಿತು. ಕೆಲವು ವರ್ಷಗಳ ಮೇಲೆ ಕಾರ್ಖಾನೆಯವರೇ ಆ ತಪ್ಪನ್ನು ತಿದ್ದಿ ಇಸುಜು ಎಂಜಿನನ್ನು ಹಾಕಿದರು. ಆದಕಾರಣ ಎಂಜಿನಿನ ಸುತ್ತ ಕೈಯಾಡಿಸುವಷ್ಟು ಜಾಗ ಈಗಲೂ ಉಳಿದಿದೆ. ಹುಡುಗರ ಕಣ್ಣಿಗೆ ಅದು ಖಾಲಿ ಸೈಟಿನಂತೆ ಕಾಣುವುದು.

ಆದರೆ ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಕಾರ್ಖಾನೆಯವರು ಎಂಜಿನು ಬದಲಿಸಿದಾಗ ಎಂಜಿನನ್ನು ಮಾತ್ರವೇ ಬದಲಿಸಲಿಲ್ಲ. ನಾಲ್ಕು ಗೇರಿನ ಪೆಟ್ಟಿಗೆಯ ಜಾಗದಲ್ಲಿ ಐದು ಗೇರಿನದು ಬಂದಿತು. ಬೇರೆ ಮನೆತನದ ಎಂಜಿನು ಒಬ್ಬಂಟಿಯಾಗಿ ಬರುವ ಅತಿಥಿಯಲ್ಲ. ಅದರ ಹಿಂದೆ ದಿಬ್ಬಣವೇ ಬರುವುದು. ನಾವು ಹುಡುಗನನ್ನೂ ಮೇಸ್ತ್ರಿಯನ್ನೂ ಎದುರಿಗೆ ಕೂರಿಸಿಕೊಂಡು ಆ ದಿಬ್ಬಣದವರ ಹೆಸರು ಬರೆಯುತ್ತಾ ಹೋದೆವು. ಎಂಜಿನು ಕೂರುವ ಕಾಲುಗಳನ್ನು ಹೊಸದಾಗಿ ಬೆಸೆಯಬೇಕು. ಎಂಜಿನಿನ ಬೆನ್ನಿಗೂ ಗೇರು ಪೆಟ್ಟಿಗೆಯ ಬಾಯಿಗೂ ಬೋಲ್ಟಿನ ತೂತುಗಳು ಹೊಂದದಿದ್ದರೆ ನಡುವೆ ಒಂದು ಫಲಕವನ್ನು ಲೇತಿನಲ್ಲಿ ಕಡೆಸಬೇಕು. ಇಲ್ಲವೇ ಆ ಎಂಜಿನಿನದೇ ಗೇರು ಪೆಟ್ಟಿಗೆ ಬೇಕು. ಗೇರು ಪೆಟ್ಟಿಗೆಯ ಉದ್ದ ಬದಲಾದೊಡನೆ ಹಿಂದಿನ ಅಚ್ಚಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ, ಬೆಸೆದು, ತೂಕ ಸರಿಮಾಡಿಸಬೇಕು. ತೂಕ ತಪ್ಪಿದ ಶಾಫ್ಟು ವೇಗದಲ್ಲಿ ಇಡೀ ಗಾಡಿಯನ್ನು ನಡುಗಿಸುವುದು. ಎಂಜಿನಿನ ಎಣ್ಣೆಯ ತೊಟ್ಟಿ ಕೆಳಗಿನ ಅಡ್ಡಪಟ್ಟಿಗೆ ತಗುಲಿದರೆ ಅದನ್ನೂ ಕತ್ತರಿಸಿ ಬೇರೆ ಆಕಾರಕ್ಕೆ ತರಬೇಕು. ಕಾರ್ಬ್ಯುರೇಟರಿಲ್ಲದ ಎಂಜಿನಾದರೆ ಅದಕ್ಕೊಂದು ಕಂಪ್ಯೂಟರು, ಅದರ ತಂತಿಯ ಜಡೆ, ಒತ್ತಡದಿಂದ ಪೆಟ್ರೋಲು ಕಳುಹಿಸುವ ಪಂಪು, ಮಿಕ್ಕ ಪೆಟ್ರೋಲು ತೊಟ್ಟಿಗೆ ಹಿಂದಿರುಗಲು ಇನ್ನೊಂದು ಕೊಳವೆ. ಅಚ್ಚು ಹೆಚ್ಚಿನ ಬಲವನ್ನು ತಾಳದಿದ್ದರೆ ಅದಕ್ಕೆ ಬೇರೆ ಖರ್ಚು. ಚೀಟಿ ಎರಡು ಪುಟ ದಾಟಿತು. ಮೇಸ್ತ್ರಿಯು ಪ್ರತಿಯೊಂದರ ಮುಂದೆಯೂ ಬೆಲೆ ಹೇಳಲಿಲ್ಲ. ಹಲವು ಕಡೆ "ಕೆಲಸಕ್ಕೆ ಇಳಿದ ಮೇಲೆ ಗೊತ್ತಾಗುವುದು, ಸ್ವಾಮಿ" ಎಂದನು. ನಮ್ಮ ಅನುಭವದಲ್ಲಿ, ಬೆಲೆಯಿಲ್ಲದ ಸಾಲುಗಳೇ ಅಂದಾಜಿನ ಅತ್ಯಂತ ದುಬಾರಿಯಾದ ಸಾಲುಗಳು.

ಖರ್ಚಿಗಿಂತ ದೊಡ್ಡ ಅಡ್ಡಿ ಕಾನೂನಿನದು. ಇದನ್ನು ಹಲವರು ಕಡೆಗೆ ವಿಚಾರಿಸುತ್ತಾರೆ, ಮೊದಲು ವಿಚಾರಿಸತಕ್ಕುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಗೊತ್ತುಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕನು ಗಾಡಿಯನ್ನು ಮಾರ್ಪಡಿಸಕೂಡದು. ಅಂಗೀಕೃತ ಸಾಧನಗಳಿಂದ ಇಂಧನವನ್ನು ಬದಲಿಸುವುದೇ ಮೊದಲಾದ ಕೆಲವಕ್ಕೆ ಮಾತ್ರ ಬೇರೆ ಏರ್ಪಾಡಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ವಿಧಿಸಬಹುದಾಗಿದೆ. ಇದಕ್ಕಿಂತಲೂ ನಮ್ಮ ಮನಸ್ಸನ್ನು ಕಲಕುವುದು ವಿಮೆಯ ವಿಚಾರ. ಗಾಡಿಯ ಎಂಜಿನೊಂದು, ವಿಮಾ ಪತ್ರದ ಎಂಜಿನೊಂದು ಎಂದಾದರೆ, ಅಪಘಾತದ ದಿನ ಪರಿಹಾರಕ್ಕೆ ತಕರಾರು ಬರುವುದು. ಆ ದಿನದ ಖರ್ಚನ್ನು ಯಾವ ಪುಸ್ತಕದಲ್ಲಿಯೂ ಬರೆದಿಡಲಾಗದು.

ಇನ್ನೂ ಒಂದು ಮಾತು. 2021ರಲ್ಲಿ ಹೊರಟ ಪುರಾತನ ವಾಹನಗಳ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ ಖಾಸಗಿ ಗಾಡಿಗೆ ವಿಶೇಷ ನೋಂದಣಿ ದೊರೆಯುವುದು. ಆದರೆ ಅದರ ಅಡಿಗಟ್ಟು, ಒಡಲು, ಎಂಜಿನುಗಳು ಮಾರ್ಪಟ್ಟಿರಬಾರದು. ಈ ಗಾಡಿಗೆ ಐವತ್ತಾಗಲು 2046 ಬರಬೇಕು. ಅಷ್ಟು ದೂರದ ಮಾತೇಕೆ ಎನ್ನಬಹುದು. ತಂದೆಯ ನೆನಪಿಗೆಂದು ಗಾಡಿಯನ್ನು ಉಳಿಸುವವನು ಆ ವರ್ಷವನ್ನೂ ಎಣಿಸಬೇಕಾಗುವುದು.

ಸ್ಪರ್ಧೆಯ ಕಣದಲ್ಲಿ ಮಾತ್ರ ಓಡಿಸುವ, ರಸ್ತೆಗೆ ಇಳಿಯದ ಗಾಡಿಗಳ ಲೆಕ್ಕವೇ ಬೇರೆ. ಅದು ಈ ಮನೆಯದಲ್ಲ.

ಆರು ಸಿಲಿಂಡರಿನ ಚೀಟಿಯನ್ನು ಹುಡುಗನು ಮಡಿಸಿ ಜೇಬಿನಲ್ಲಿಟ್ಟುಕೊಂಡನು. ಮುಖ ಸಣ್ಣದಾಯಿತು. "ಅದೇ ಬಗೆಯ ಇಸುಜು ಎಂಜಿನೇ ಹಾಕಿಸೋಣ ಚಿಕ್ಕಪ್ಪ, ಅದಾದರೆ ನಲವತ್ತೈದು, ಕೂಲಿ ಹದಿನೈದು, ಅರವತ್ತರಲ್ಲಿ ಮುಗಿಯುವುದು" ಎಂದನು. ಆಗ ಅವನ ತಾಯಿಯು ಒಳಗಿನಿಂದಲೇ ಕೇಳಿದರು: "ಎಂಜಿನು ಮನೆಗೆ ಬರುವುದಕ್ಕೆ ಅರವತ್ತೋ, ಗಾಡಿ ಮನೆಯಿಂದ ಹೊರಡುವುದಕ್ಕೆ ಅರವತ್ತೋ?" ಈ ಒಂದು ಪ್ರಶ್ನೆಗೆ ಉತ್ತರ ಬರೆಯಲು ಅಂದಿನ ಸಂಜೆಯೆಲ್ಲ ಹಿಡಿಯಿತು.

ಮೊದಲು ಕಾಗದಪತ್ರಗಳಿಂದ ಆರಂಭಿಸಿದೆವು. ಗಾಡಿ ಇನ್ನೂ ತೀರಿಕೊಂಡವರ ಹೆಸರಿನಲ್ಲಿಯೇ ಇತ್ತು. ಹೆಸರು ಬದಲಾಗದೆ ಮಗನು ಎಂಜಿನಿನ ಬದಲಾವಣೆಗೆ ಅರ್ಜಿ ಹಾಕುವುದೆಂತು? ಮಾಲೀಕನ ಮರಣಾನಂತರದ ವರ್ಗಾವಣೆಗೆ 31ನೆಯ ನಮೂನೆಯ ಅರ್ಜಿಯಿದೆ. ಕಾಯಿದೆ ಹಾಕಿದ ಅವಧಿ ಎಂದೋ ಮೀರಿತ್ತಾದ್ದರಿಂದ ತಡದ ದಂಡವನ್ನೂ ತೆರಬೇಕಾಯಿತು. ಅನಂತರ ಎಂಜಿನು ಬದಲಿಸಲು ಅನುಮತಿ. ಅದೇ ತಯಾರಿಕೆಯ, ಅದೇ ಬಗೆಯ ಎಂಜಿನಾದರೂ ನೋಂದಣಿ ಅಧಿಕಾರಿಗಳ ಒಪ್ಪಿಗೆ ಪಡೆದು, ಹೊಸ ಸಂಖ್ಯೆಯನ್ನು ಪತ್ರದಲ್ಲಿ ಬರೆಸತಕ್ಕುದು. ಅದಕ್ಕೆ ಕೊಂಡ ರಸೀತಿ ಬೇಕು. ಮಾರಿದವನ ಗುರುತಿನ ಪತ್ರ, ಎಂಜಿನು ಬಿಚ್ಚಿದ ಗಾಡಿಯ ನೋಂದಣಿಯ ಪ್ರತಿ ಬೇಕು. ಗುಜರಿಯಲ್ಲಿ ಅರ್ಧ ಬೆಲೆಗೆ, ರಸೀತಿಯಿಲ್ಲದೆ ಸಿಗುವ ಎಂಜಿನು ಕಳವಿನ ಗಾಡಿಯದಾಗಿದ್ದರೆ ಉಳಿದ ಅರ್ಧವನ್ನು ಪೋಲೀಸು ಠಾಣೆಯಲ್ಲಿ ತೆರಬೇಕಾಗುವುದು.

ಎಂಜಿನನ್ನು ಹುಡುಕುವ ಕೆಲಸ ಎರಡು ತಿಂಗಳು ನಡೆಯಿತು. ಬೆಂಗಳೂರಿನ ಶಿವಾಜಿನಗರದ ಹಳೆಯ ಸಾಮಾನಿನ ಅಂಗಡಿಗಳನ್ನೂ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೂ ಹುಡುಗನು ಸುತ್ತಿದನು; ಚೆನ್ನೈಯ ಪುದುಪೇಟೆಗೂ ಫೋನು ಹೋಯಿತು. ಇದೇ ಮನೆತನದ 1,817 ಸಿ.ಸಿ. ಎಂಜಿನು 1990ರ ದಶಕದ ಅಂಬಾಸಿಡರುಗಳಲ್ಲಿಯೂ ಇದ್ದುದರಿಂದ ಹುಡುಕುವವರಿಗೆ ಒಂದು ದಾರಿ ಹೆಚ್ಚು. ಆದರೆ ಎಣ್ಣೆಯ ತೊಟ್ಟಿ, ಕಾಲುಗಳು, ಮ್ಯಾನಿಫೋಲ್ಡು ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸದೆ ಹಣ ಎಣಿಸಬಾರದು. ಕಡೆಗೆ ದೊರೆತದ್ದು ಹಾಸನದ ಕಡೆ, ಪಕ್ಕಕ್ಕೆ ಪೆಟ್ಟು ತಿಂದು ನಿಂತಿದ್ದ ಒಂದು ಕಾಂಟೆಸಾದ್ದು, ಕಾಗದಪತ್ರ ಸರಿಯಾಗಿತ್ತು. ಹೇಳಿದ ಬೆಲೆ ಅರವತ್ತು ಸಾವಿರ.

ಇಲ್ಲಿ ನಾವು ಸ್ವಲ್ಪ ನಿಲ್ಲುವೆವು. ಏತಕ್ಕೆಂದರೆ ಇಡೀ ಪುಸ್ತಕದಲ್ಲಿ ಅತ್ಯಂತ ಲಾಭದ ಬಾಬತ್ತು ಇಲ್ಲಿಯೇ ಇದೆ. ಹುಡುಗನು ಹೋಗುವ ಮೊದಲು 1,500 ರೂಪಾಯಿ ಕೊಟ್ಟು ಸಿಲಿಂಡರಿನ ಒತ್ತಡ ಅಳೆಯುವ ಮೀಟರನ್ನು ಕೊಂಡಿದ್ದನು. ಮೇಸ್ತ್ರಿಯೂ ಜೊತೆಗೆ ಹೋದನು. ಮೊದಲು ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆಯು ಹಾಲು ಬೆರೆತ ಕಾಫಿಯಂತಿದ್ದರೆ ಅದರಲ್ಲಿ ನೀರು ಸೇರಿದೆಯೆಂದು ತಿಳಿಯಬೇಕು, ಇಲ್ಲಿ ಹಾಗಿರಲಿಲ್ಲ. ಬಳಿಕ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಬ್ಯಾಟರಿ ಕಟ್ಟಿ, ಎಂಜಿನನ್ನು ತಿರುಗಿಸಿ ನಾಲ್ಕೂ ಸಿಲಿಂಡರುಗಳ ಒತ್ತಡವನ್ನು ಬರೆದುಕೊಂಡರು. ಮೂರು ಹತ್ತಿರ ಹತ್ತಿರ ಸಮನಾಗಿದ್ದವು. ನಾಲ್ಕನೆಯದು ಕಾಲುಭಾಗ ಕಡಮೆ. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರು. ಒತ್ತಡ ಏರಿದ್ದರೆ ಪಿಸ್ಟನಿನ ಬಳೆಗಳು ಸವೆದಿವೆಯೆಂದು ಅರ್ಥ, ಎಣ್ಣೆಯು ಆ ಸಂದನ್ನು ಮುಚ್ಚುವುದರಿಂದ. ಏರಲಿಲ್ಲ, ಆದುದರಿಂದ ದೋಷ ವಾಲ್ವಿನಲ್ಲಿ ಎಂದು ಮೇಸ್ತ್ರಿ ತೀರ್ಮಾನಿಸಿದನು. ಈ ಅಂಕಿಗಳನ್ನು ಮಾರುವವನ ಮುಂದಿಟ್ಟ ಮೇಲೆ ಬೆಲೆ ನಲವತ್ತೈದಕ್ಕೆ ಇಳಿಯಿತು. 1,500 ರೂಪಾಯಿಯ ಮೀಟರು ಒಂದು ಗಂಟೆಯಲ್ಲಿ 15,000 ಉಳಿಸಿತು. ಹುಡುಗನ ಮುಖ ಮತ್ತೆ ಅರಳಿದ್ದು ಅಂದು.

ಅಂದಿನ ಅಂದಾಜಿನ ಪುಟವನ್ನು ನಾವು ಮೂರು ಕಂಬಗಳಾಗಿ ಗೆರೆ ಹಾಕಿದ್ದೆವು: ಖಂಡಿತವಾದದ್ದು, ಬಹುಶಃ ಬೇಕಾಗುವುದು, ಕಾಣದೆ ಬರುವುದು. ಮೊದಲೆರಡು ಸೇರಿ 1,65,000 ಆಯಿತು. ಮೂರನೆಯ ಕಂಬಕ್ಕೆ ಅದರ ಐದರಲ್ಲೊಂದು ಭಾಗ, ಎಂದರೆ 33,000. ಒಟ್ಟು 1,98,000. ಅರವತ್ತು ಸಾವಿರದ ಚೀಟಿಯನ್ನು ಹಿಡಿದು ಬಂದಿದ್ದ ಹುಡುಗನು ಇದನ್ನು ನೋಡಿ ಮಾತಾಡಲಿಲ್ಲ. ನಾವು ಹೆಚ್ಚಾಗಿ ಬರೆದೆವೆಂದೇ ಅವನ ಭಾವನೆಯಿದ್ದಿತು.

ಕಾಣದೆ ಬಂದದ್ದು ಶಿವಮೊಗ್ಗದ ಲೇತಿನ ಅಂಗಡಿಯಲ್ಲಿ. ವಾಲ್ವಿನ ಕೆಲಸವಷ್ಟೇ ಎಂದು ತಲೆಯನ್ನು ಬಿಚ್ಚಿದರೆ, ಸಿಲಿಂಡರುಗಳ ಮೇಲಂಚಿನಲ್ಲಿ ಉಗುರಿಗೆ ತಗಲುವಷ್ಟು ಮೆಟ್ಟಿಲು ಬಿದ್ದಿತ್ತು. ಮೀಟರು ಹೇಳಿದ್ದು ಸುಳ್ಳಲ್ಲ. ಆದರೆ ನಾಲ್ಕೂ ಸಮನಾಗಿ ಸವೆದಾಗ ಅದು ಅಷ್ಟಾಗಿ ದೂರು ಹೇಳುವುದಿಲ್ಲ. ಬಿಚ್ಚಿದ ಮೇಲೆ ಹಾಗೆಯೇ ಮುಚ್ಚುವುದು ಬುದ್ಧಿವಂತಿಕೆಯಲ್ಲವೆಂದು ಸಿಲಿಂಡರುಗಳನ್ನು ಅರ್ಧ ಮಿಲಿಮೀಟರು ದೊಡ್ಡದಾಗಿ ಕೊರೆಸಿ, ಆ ಅಳತೆಯ ಪಿಸ್ಟನು, ಬಳೆ, ಬೇರಿಂಗುಗಳನ್ನು ಹಾಕಿಸಿದರು. ಮೂವತ್ತು ಸಾವಿರವೆಂದು ಬರೆದಿದ್ದ ಬಾಬತ್ತು 58,000 ಆಯಿತು. ನೀರಿನ ಪಂಪು ಹಳೆಯದೇ ನಡೆಯುವುದೆಂದಿದ್ದರು. ಅದಕ್ಕೆ 3,800 ತೆತ್ತರು.

ನಾವು ಹಟ ಹಿಡಿದ ವಿಷಯಗಳು ಎರಡು. ಒಂದು ರೇಡಿಯೇಟರು. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಸರಿಸುಮಾರು ಮೂರರಲ್ಲೊಂದು ಭಾಗವನ್ನು ನೀರೇ ಹೊತ್ತು ಹೊರಗೆ ಹಾಕಬೇಕು. ಹಳೆಯ ಎಂಜಿನು ಸತ್ತದ್ದು ವಯಸ್ಸಿನಿಂದಲ್ಲ, ಕಟ್ಟಿಕೊಂಡ ರೇಡಿಯೇಟರಿನಿಂದ. ಕೊಂದವನನ್ನು ಮನೆಯಲ್ಲಿಯೇ ಇಟ್ಟುಕೊಂಡು ಹೊಸ ಸೊಸೆಯನ್ನು ತರುವುದುಂಟೆ? ಒಳಗಿನ ಕೊಳವೆಗಳನ್ನೆಲ್ಲ ಬದಲಿಸಲು 11,000 ಆಯಿತು. ಎರಡನೆಯದು ಬ್ರೇಕು. ಎಂಜಿನು ಚೆನ್ನಾದರೆ ಹುಡುಗನು ವೇಗವಾಗಿ ಹೋಗದೆ ಇರನು. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ವೇಗ ಹೆಚ್ಚಿದ್ದು ಕಾಲುಭಾಗ. ಆದರೆ ಬ್ರೇಕು ತಡೆಯಬೇಕಾದ ಶಕ್ತಿ ಒಂದೂವರೆ ಪಾಲಿಗೂ ಮೀರುವುದು. ಅದಕ್ಕೆ 16,000. "ಇದು ಎಂಜಿನಿನ ಲೆಕ್ಕಕ್ಕೆ ಸೇರುವುದಿಲ್ಲ" ಎಂದು ಹುಡುಗನು ವಾದಿಸಿದನು. ಸೇರುವುದೆಂದು ತಾಯಿ ಬರೆಸಿದರು.

ಉಳಿದ ಬಾಬತ್ತುಗಳನ್ನು ಬೇಗ ಹೇಳಿಬಿಡುವೆವು. ಎಂಜಿನು ತಂದ ಟೆಂಪೋ ಬಾಡಿಗೆ 4,000, ಕ್ಲಚ್ಚಿನ ತಟ್ಟೆಗಳೂ ಬೇರಿಂಗೂ 9,500, ಎಂಜಿನಿನ ರಬ್ಬರು ಕಾಲುಗಳು, ನೀರಿನ ಕೊಳವೆಗಳು, ಬೆಲ್ಟುಗಳು 7,200, ಕಾರ್ಬ್ಯುರೇಟರು 4,500, ಎಣ್ಣೆ ಮತ್ತು ಕೂಲೆಂಟು 5,000, ಹೊಗೆಕೊಳವೆ 4,800, ಮೇಸ್ತ್ರಿಯ ಕೂಲಿ 30,000. ಎಲ್ಲವೂ ಸೇರಿ 2,00,300 ರೂಪಾಯಿ. ಸಾರಿಗೆ ಕಚೇರಿಯ ಶುಲ್ಕಗಳು ಬೇರೆ. ಎಂಜಿನಿನ ಬೆಲೆ ಅದರಲ್ಲಿ ಕಾಲುಭಾಗಕ್ಕೂ ಕಡಮೆ. ನಮ್ಮ ಅಂದಾಜು 2,300ರಷ್ಟು ಸೋತಿತು. ಮೂರನೆಯ ಕಂಬವಿಲ್ಲದಿದ್ದರೆ 35,300ರಷ್ಟು ಸೋಲುತ್ತಿತ್ತು. ಈ ಬೆಲೆಗಳು ಒಂದು ಮನೆಯವು, ಒಂದು ಮೇಸ್ತ್ರಿಯವು; ಇವನ್ನೇ ಹಿಡಿದು ಇನ್ನೊಬ್ಬ ಮೇಸ್ತ್ರಿಯೊಡನೆ ಯಾರೂ ಜಗಳಕ್ಕೆ ನಿಲ್ಲಬಾರದು.

ಕೈಯಲ್ಲಿದ್ದ ಹಣ 2,10,000. ಮಾಡಿನ ಅಂದಾಜು 85,000. ಎರಡಕ್ಕೂ ಸಾಲದೆಂಬುದು ಮೊದಲ ಸಂಜೆಯೇ ಕಂಡಿತ್ತು. ಚಿಕ್ಕಪ್ಪನವರು ತಾವು ಕೈಗಡ ಕೊಡುವೆವೆಂದರು. ಅವರ ಅತ್ತಿಗೆಯವರು ಒಪ್ಪಲಿಲ್ಲ. "ಮಳೆ ನಮಗಾಗಿ ಕಾಯುವುದಿಲ್ಲ, ಗಾಡಿ ಕಾಯುವುದು" ಎಂದು ಅವರು ಪುಸ್ತಕದ ಮೊದಲ ಸಾಲಿನಲ್ಲಿ ಮಾಡಿನ ಖರ್ಚನ್ನೇ ಬರೆಸಿದರು. ಉಳಿದ 1,25,000ದಲ್ಲಿ ಎಂಜಿನು, ಬಾಡಿಗೆ, ಮೀಟರು, ಲೇತಿನ ಕೆಲಸ ಇಷ್ಟು ಮಾತ್ರ: 1,08,500. ಅಲ್ಲಿಗೆ ನಿಲ್ಲಿಸುವುದು. ಸಿದ್ಧವಾದ ಎಂಜಿನಿಗೆ ಒಳಗೆಲ್ಲ ಎಣ್ಣೆ ಸವರಿ, ತೂತುಗಳನ್ನು ಬಟ್ಟೆಯಿಂದ ಮುಚ್ಚಿ, ಟಾರ್ಪಾಲಿನಲ್ಲಿ ಸುತ್ತಿ ಇಟ್ಟರೆ ಅದಕ್ಕೆ ಹಾನಿಯಿಲ್ಲ. ಇಟ್ಟದ್ದಕ್ಕೆ ಬಡ್ಡಿಯೂ ಇಲ್ಲ. ಮಿಕ್ಕ 91,800 ಅಡಕೆ ಮಾರಿದ ಮೇಲೆ. ಕೆಲಸವನ್ನು ಎಲ್ಲಿ ನಿಲ್ಲಿಸಿದರೆ ನಷ್ಟವಾಗದೋ ಆ ಜಾಗಗಳನ್ನು ಮೊದಲೇ ಗುರುತಿಸಿಟ್ಟುಕೊಳ್ಳುವ ಈ ಏರ್ಪಾಡು ಆ ತಾಯಿಯದು, ನಮ್ಮದಲ್ಲ. ಹಣ ಮುಗಿದು ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಗ್ಯಾರೇಜಿನ ಹಿಂದೆ ತುಕ್ಕು ಹಿಡಿಯುತ್ತಿರುವ ಗಾಡಿಗಳನ್ನು ಕಂಡವರಿಗೆ ಇದರ ಬೆಲೆ ತಿಳಿಯುವುದು.

ಆ ವರ್ಷದ ಮಳೆ ಹೆಂಚಿನ ಮೇಲೆಯೇ ಉಳಿಯಿತು. ಹುಡುಗನು ಆಷಾಢದಿಂದ ಪುಷ್ಯದವರೆಗೆ, ಟಾರ್ಪಾಲು ಹೊದೆದ ಎಂಜಿನಿನ ಪಕ್ಕದಲ್ಲಿ ದಿನಕ್ಕೊಮ್ಮೆಯಾದರೂ ನಿಂತು ಬರುತ್ತಿದ್ದನಂತೆ. 2025ರ ಏಪ್ರಿಲಿನಲ್ಲಿ ಗಾಡಿ ಹೊರಟಿತು. ನೋಂದಣಿ ಪತ್ರದಲ್ಲಿ ಎಂಜಿನಿನ ಹೊಸ ಸಂಖ್ಯೆಯೂ ಮಾಲೀಕನ ಹೊಸ ಹೆಸರೂ ಸೇರಿವೆ. ಆರು ಸಿಲಿಂಡರಿನ ಚೀಟಿಯನ್ನು ಅವನು ಹರಿದಿಲ್ಲ. ಪುಸ್ತಕದ ರಟ್ಟಿನೊಳಗೆ ಇದೆ. ಬಿರುಕು ಬಿಟ್ಟ ಹಳೆಯ ಬ್ಲಾಕನ್ನು ಗುಜರಿಯವನು ಎರಡು ಸಲ ಕೇಳಿ ಹೋದನು. ತಂದೆ ಕೊಂಡ ಗಾಡಿಯ ಮೂಲ ಸಂಖ್ಯೆ ಅದರ ಮೇಲಿದೆಯೆಂದು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಯ ಮೇಲೆ ಇಟ್ಟುಕೊಂಡಿದ್ದಾರೆ. ನಾವು ಕಡೆಯ ಸಲ ಹೋದಾಗ ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಗುಂಬೆಯವರೆಗೆ ಹೋಗಿಬಂದಿದ್ದನು. ಹತ್ತುವಾಗ ಮುಳ್ಳನ್ನು ನೋಡುತ್ತಿದ್ದವರು ಅವರೇ ಅಂತೆ. ಪುಸ್ತಕದ ಕಡೆಯ ಪುಟದಲ್ಲಿ ಎರಡು ಸಾಲುಗಳು ಇನ್ನೂ ಬೆಲೆ ಬರೆಯದೆ ಉಳಿದಿದ್ದವು: 2026ರ ನೋಂದಣಿ ನವೀಕರಣ; ನಾಲ್ಕು ಟೈರು.